ಆಪರೇಷನ್ ಆದಮೇಲೆ ಕೈ ಬಾವು: ಲಿಂಫ್ ಡ್ರೈನೇಜ್ ಮಸಾಜ್ ಮಾಡಿಸಬಹುದಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮಕ್ಕನಿಗೆ ಹೋದ ವರ್ಷ ಸ್ತನ ಕ್ಯಾನ್ಸರ್ ಆಪರೇಷನ್ ಆಯಿತು. ಬಲ ಕಂಕುಳಲ್ಲಿದ್ದ ಗಂಟುಗಳನ್ನೂ ತೆಗೆದರು, ಆಮೇಲೆ ರೇಡಿಯೇಷನ್ ಕೂಡ ಕೊಟ್ಟರು. ಎಲ್ಲ ಮುಗಿದು ಆರಾಮಾಗಿದ್ದಳು. ಈಗ ಎರಡು ತಿಂಗಳಿಂದ ಬಲಗೈ ಭಾರ ಭಾರ ಅಂತಿದ್ದಾಳೆ. ಮೊದಲು ಉಂಗುರ ಬಿಗಿಯಾಯಿತು, ಆಮೇಲೆ ವಾಚಿನ ಪಟ್ಟಿ ಒಂದು ತೂತು ಸಡಿಲ ಮಾಡಬೇಕಾಯಿತು, ಈಗ ಸುಮ್ನೆ ನೋಡಿದರೇ ಗೊತ್ತಾಗುತ್ತೆ ಎಡಗೈಗಿಂತ ದಪ್ಪ ಇದೆ ಅಂತ. ನೋವು ಅಷ್ಟಿಲ್ಲ.

ಒಂದು ಮಸಾಜ್ ಸೆಂಟರಿನವರು ಹತ್ತು ಸಲ ಲಿಂಫ್ ಡ್ರೈನೇಜ್ ಮಸಾಜ್ ಮಾಡಿಸಿದರೆ ಬಾವು ಪೂರ್ತಿ ಇಳಿಯುತ್ತೆ, ಮೈಯಲ್ಲಿರುವ ವಿಷವೆಲ್ಲ ಹೊರಗೆ ಹೋಗುತ್ತೆ ಅಂದಿದ್ದಾರೆ. ಅವಳಿಗೆ ಮಾಡಿಸಬೇಕು ಅಂತ ಆಸೆ, ನನಗೆ ಭಯ. ಕ್ಯಾನ್ಸರ್ ಆದ ಕಡೆ ಮಸಾಜ್ ಮಾಡಿಸಬಹುದಾ? ಮನೆಯಲ್ಲಿ ನಾನೇ ಮಾಡಿದರೆ ಆಗುತ್ತಾ?

ಉತ್ತರ 1

ನಾನು ಫಿಸಿಯೋಥೆರಪಿಸ್ಟ್. ಇಂಥ ಕೈಗಳನ್ನು ದಿನಾ ನೋಡುತ್ತೇನೆ, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮಸಾಜಿಗಿಂತ ಮೊದಲು ಆಪರೇಷನ್ ಮಾಡಿದ ಡಾಕ್ಟರಿಗೆ ಆ ಕೈ ತೋರಿಸಿ. ನೀವು ಹೇಳಿದ್ದು ಕೇಳಿದರೆ ಲಿಂಫೆಡಿಮಾ, ಅಂದರೆ ಲಿಂಫ್ ಹರಿಯದೆ ನಿಂತು ಬರುವ ಬಾವು ಅನಿಸುತ್ತೆ, ಆದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೂ ಕೈ ಊದಿಕೊಳ್ಳುತ್ತೆ, ಕ್ಯಾನ್ಸರ್ ಮತ್ತೆ ಬಂದು ಕಂಕುಳಲ್ಲಿ ಒತ್ತುತ್ತಿದ್ದರೂ ಊದಿಕೊಳ್ಳುತ್ತೆ. ಹೆದರಿಸಲು ಹೇಳುತ್ತಿಲ್ಲ. ಇವೆರಡೂ ಇಲ್ಲ ಅಂತ ಗೊತ್ತಾದ ಮೇಲೆ ನಿಶ್ಚಿಂತೆಯಿಂದ ಮುಂದೆ ಹೋಗಬಹುದು.

ಈಗ ಲಿಂಫ್ ವಿಷಯ. ಶಾಲೆಯಲ್ಲಿ ದುಗ್ಧರಸ ಅಂತ ಓದಿದ್ದೆವಲ್ಲ, ಅದೇ. ರಕ್ತನಾಳಗಳಿಂದ ನೀರಿನಂಶ ಯಾವಾಗಲೂ ಹೊರಗೆ ಜಿನುಗುತ್ತಿರುತ್ತೆ. ಅದರಲ್ಲಿ ದಿನಕ್ಕೆ ಸುಮಾರು 3 ಲೀಟರಿನಷ್ಟನ್ನು ಲಿಂಫ್ ನಾಳಗಳು ಎಳೆದುಕೊಂಡು, ಕಾಲರ್ ಬೋನ್ ಹತ್ತಿರ ಮತ್ತೆ ರಕ್ತಕ್ಕೆ ಸೇರಿಸುತ್ತವೆ. ಈ ನಾಳಗಳಿಗೆ ಹೃದಯದಂಥ ಪಂಪ್ ಇಲ್ಲ. ತಾವೇ ಸ್ವಲ್ಪ ಸ್ವಲ್ಪ ಹಿಂಡಿಕೊಳ್ಳುತ್ತವೆ. ಉಳಿದದ್ದು ನಾವು ಕೈಕಾಲು ಆಡಿಸುವುದರಿಂದ, ಉಸಿರಾಡುವುದರಿಂದ ನಡೆಯುತ್ತೆ. ಒಳಗೆ ಕವಾಟಗಳಿರುವುದರಿಂದ ಹಿಂದಕ್ಕೆ ಹರಿಯುವುದಿಲ್ಲ. ಕೈಯಿಂದ ಬರುವ ದಾರಿ ಹೆಚ್ಚುಕಡಿಮೆ ಪೂರ್ತಿ ಕಂಕುಳ ಗಂಟುಗಳ (ಲಿಂಫ್ ಗ್ರಂಥಿಗಳ) ಮೂಲಕವೇ ಹೋಗುತ್ತೆ. ಗಂಟು ತೆಗೆದಾಗ ಆ ದಾರಿ ಕಿರಿದಾಗುತ್ತೆ, ರೇಡಿಯೇಷನ್ನಿಂದ ಉಳಿದ ಜಾಗವೂ ಗಟ್ಟಿಯಾಗುತ್ತೆ. ನೀರು ನಿಲ್ಲುತ್ತೆ. ಬರೀ ನೀರಲ್ಲ, ಪ್ರೋಟೀನ್ ಕೂಡ ನಿಲ್ಲುತ್ತೆ, ಅದಕ್ಕೇ ಬಿಟ್ಟರೆ ಕಾಲ ಕಳೆದಂತೆ ಚರ್ಮ ದಪ್ಪವಾಗಿ ಗಟ್ಟಿಯಾಗುವುದು. ಮೂತ್ರ ಹೆಚ್ಚಿಸುವ ಮಾತ್ರೆ ತಿಂದರೂ ಈ ಬಾವಿಗೆ ಪ್ರಯೋಜನ ಇಲ್ಲ.

ಮಸಾಜ್ ಮಾಡುವ ಕೆಲಸ ಇಷ್ಟೇ: ಮುಚ್ಚಿದ ದಾರಿ ಬಿಟ್ಟು ತೆರೆದಿರುವ ದಾರಿಗೆ ನೀರನ್ನು ತಿರುಗಿಸುವುದು. ನಿಮ್ಮಕ್ಕನ ವಿಷಯದಲ್ಲಿ ಎದೆಯ ಮೇಲಿಂದ ಎಡ ಕಂಕುಳಿಗೆ, ಪಕ್ಕೆಯಿಂದ ಕೆಳಗೆ ಬಲ ತೊಡೆಸಂದಿಗೆ. ಶುರು ಮಾಡುವುದು ಊದಿದ ಕೈಯಿಂದಲ್ಲ. ಮೊದಲು ಕತ್ತಿನ ಬುಡ, ಹೊಟ್ಟೆ ತುಂಬಾ ದೀರ್ಘ ಉಸಿರು, ಆಮೇಲೆ ಎಡ ಕಂಕುಳು, ಎದೆ, ಬಲಭುಜ, ಕೊನೆಗೆ ಮುಂಗೈ. ಮುಂದಿನ ಜಾಗ ಖಾಲಿಯಾಗದೆ ಹಿಂದಿನಿಂದ ತಳ್ಳಿದರೆ ನೀರು ಹೋಗುವುದಾದರೂ ಎಲ್ಲಿಗೆ? ಒತ್ತಡ ತುಂಬಾ ಹಗುರ. ಚರ್ಮ ಜರುಗಬೇಕು ಅಷ್ಟೇ, ಕೆಂಪಾಗಬಾರದು, ನೋಯಬಾರದು. ಎಣ್ಣೆ ಹಚ್ಚಿದರೆ ಕೈ ಜಾರುತ್ತೆ, ಚರ್ಮ ಜರುಗುವುದಿಲ್ಲ, ಅದಕ್ಕೇ ಸಾಮಾನ್ಯವಾಗಿ ಎಣ್ಣೆ ಬಳಸುವುದಿಲ್ಲ. 1930ರ ದಶಕದಲ್ಲಿ ಫ್ರಾನ್ಸಿನಲ್ಲಿ ಕೆಲಸ ಮಾಡುತ್ತಿದ್ದ ಡೆನ್ಮಾರ್ಕಿನ ಎಮಿಲ್ ವೊಡರ್ ಮತ್ತು ಅವರ ಹೆಂಡತಿ ಎಸ್ಟ್ರಿಡ್ ಶುರು ಮಾಡಿದ ಪದ್ಧತಿ ಇದು. ಆಗಿನಿಂದಲೂ ಹಗುರ ಕೈಯೇ ಇದರ ಜೀವಾಳ.

ಆದರೆ ಬಾವನ್ನು ಇಳಿಸಿ ಹಿಡಿದಿಡುವುದು ಮಸಾಜಲ್ಲ, ಬ್ಯಾಂಡೇಜ್. ಮೊದಲ ಕೆಲವು ವಾರ ಪದರ ಪದರವಾಗಿ ಬಿಗಿ ಬ್ಯಾಂಡೇಜ್ ಕಟ್ಟುತ್ತೇವೆ, ಬಾವು ಇಳಿದ ಮೇಲೆ ಅಳತೆಗೆ ತಕ್ಕ ಕಂಪ್ರೆಷನ್ ಸ್ಲೀವ್, ಅಂದರೆ ಕೈಯನ್ನು ಬಿಗಿಯಾಗಿ ಹಿಡಿಯುವ ತೋಳು. ಜೊತೆಗೆ ವ್ಯಾಯಾಮ, ಚರ್ಮದ ಆರೈಕೆ. ಇಂಥ ಕೈಬಾವಿನ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2015ರ ಕಾಕ್ರೇನ್ ಪರಿಶೀಲನೆಯಲ್ಲೂ ಅದೇ ಬಂತು. ಬ್ಯಾಂಡೇಜ್ ಒಂದರಿಂದಲೇ ಬಾವು ಚೆನ್ನಾಗಿ ಇಳಿಯಿತು, ಮಸಾಜ್ ಸೇರಿಸಿದಾಗ ಇನ್ನೂ ಸ್ವಲ್ಪ ಇಳಿಯಿತು. ಆ ಹೆಚ್ಚಿನ ಲಾಭ ಸಿಕ್ಕಿದ್ದು ಬಾವು ಅಷ್ಟು ಜಾಸ್ತಿ ಇಲ್ಲದವರಿಗೆ. ಅಂದರೆ ಬೇಗ ಶುರು ಮಾಡುವುದು ನಿಮ್ಮಕ್ಕನಿಗೆ ಒಳ್ಳೆಯದು.

ವಿಷ ಹೊರಗೆ ಹೋಗುತ್ತೆ ಅನ್ನುವ ಮಾತು ನಂಬಬೇಡಿ. ಆ ಕೆಲಸ ಲಿವರ್, ಕಿಡ್ನಿಯದು.

ಉತ್ತರ 2

ನಾನು ನಿಮ್ಮಕ್ಕನ ಜಾಗದಲ್ಲೇ ಇದ್ದವಳು. ಆರು ವರ್ಷ ಆಯಿತು, ನನ್ನದು ಎಡಗೈ. ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ, ನಾನು ಅದನ್ನು ಕಷ್ಟಪಟ್ಟು ಕಲಿತೆ. ಮೊದಲು ಹೋದ ಕಡೆ ಲಿಂಫ್ ಮಸಾಜ್ ಅಂತಲೇ ಹೇಳಿ ಮೀನಖಂಡ ಹಿಸುಕುವ ಹಾಗೆ ಕೈ ಹಿಸುಕಿದರು. ನೋವಾದರೆ ಕೆಲಸ ಮಾಡುತ್ತಿದೆ ಅಂತ ಅರ್ಥ ಅಂದರು, ನಾನು ಹಲ್ಲು ಕಚ್ಚಿ ಸಹಿಸಿಕೊಂಡೆ. ಮಾರನೇ ದಿನ ಕೈ ಇನ್ನೂ ದಪ್ಪ. ಆಮೇಲೆ ತರಬೇತಿ ಆದವರ ಹತ್ತಿರ ಹೋದಾಗ ಇವರೇನು ಮುಟ್ಟುತ್ತಲೇ ಇಲ್ಲವಲ್ಲ ಅನಿಸಿತ್ತು, ಅಷ್ಟು ಹಗುರ. ಅವರೇ ನನಗೂ ನಮ್ಮ ಯಜಮಾನರಿಗೂ ಕಲಿಸಿದರು. ಈಗ ರಾತ್ರಿ ಸ್ಲೀವ್ ತೆಗೆದ ಮೇಲೆ ಇಪ್ಪತ್ತು ನಿಮಿಷ ಮನೆಯಲ್ಲೇ. ನೀವೂ ಮಾಡಬಹುದು, ಆದರೆ ವಿಡಿಯೋ ನೋಡಿ ಶುರು ಮಾಡಬೇಡಿ. ಒಂದೆರಡು ಸಲ ಅವರ ಎದುರಿಗೆ ಮಾಡಿ ತಿದ್ದಿಸಿಕೊಳ್ಳಿ.

ಚರ್ಮದ ವಿಷಯ ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದು ಸಲ ಉಗುರಿನ ಪಕ್ಕದ ಸಿಪ್ಪೆ ಕಿತ್ತುಕೊಂಡೆ, ಅಷ್ಟೇ. ಸಂಜೆಗೆ ಕೈಯೆಲ್ಲ ಕೆಂಪಾಗಿ, ಬಿಸಿಯಾಗಿ, ಚಳಿಜ್ವರ ಬಂತು. ಸೆಲ್ಯುಲೈಟಿಸ್ ಅಂದರು, ಆಂಟಿಬಯೋಟಿಕ್ ಕೊಟ್ಟರು. ಆ ಸೋಂಕು ಇಳಿಯುವವರೆಗೆ ಮಸಾಜ್ ಮುಟ್ಟಲೇಬಾರದು ಅಂದಿದ್ದರು. ಅಕ್ಕನಿಗೆ ಕೈ ಒಣಗದ ಹಾಗೆ ಕ್ರೀಮ್ ಹಚ್ಚಲು ಹೇಳಿ. ಪಾತ್ರೆ ತೊಳೆಯುವಾಗ, ಗಿಡದ ಕೆಲಸ ಮಾಡುವಾಗ ಗ್ಲೌಸ್ ಹಾಕಿಕೊಳ್ಳಲಿ.

ಪೂರ್ತಿ ವಾಸಿಯಾಗುತ್ತೆ ಅಂತ ನಾನು ಹೇಳಲಾರೆ. ನನ್ನದು ಆಗಿಲ್ಲ. ಆದರೆ ಹಿಡಿತದಲ್ಲಿದೆ, ಎಲ್ಲ ಕೆಲಸ ಮಾಡುತ್ತೇನೆ.

ಉತ್ತರ 3

ಈ ಪ್ರಶ್ನೆ ಓದುತ್ತಿರುವ ಬೇರೆಯವರಿಗೂ ಒಂದು ಮಾತು. ನಮ್ಮ ತಂದೆಗೆ ಒಂದೇ ಕಾಲು ಎರಡು ದಿನದಲ್ಲಿ ಊದಿಕೊಂಡಿತು, ಮೀನಖಂಡದಲ್ಲಿ ನೋವು. ನಾವು ತಿಕ್ಕಿದರೆ ಹೋಗುತ್ತೆ ಅಂದುಕೊಂಡಿದ್ದೆವು. ಪುಣ್ಯಕ್ಕೆ ಪಕ್ಕದ ಮನೆಯ ನರ್ಸ್ ನೋಡಿ ತಡೆದರು. ಸ್ಕ್ಯಾನ್ ಮಾಡಿದರೆ ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿತ್ತು. ಅದು ಕಿತ್ತು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಇದ್ದಕ್ಕಿದ್ದ ಹಾಗೆ ಒಂದೇ ಕಡೆ ಬಾವು, ನೋವು ಬಂದರೆ ಮಸಾಜ್ ಬೇಡ, ಆಸ್ಪತ್ರೆಗೆ ಹೋಗಿ. ಉಸಿರಾಟ ಕಷ್ಟವಾದರೆ ಒಂದು ನಿಮಿಷವೂ ಕಾಯಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಓದುತ್ತಾ ಕಣ್ಣಲ್ಲಿ ನೀರು ಬಂತು. ಇನ್ನೆರಡು ಅನುಮಾನ. ಆ ಕೈಯಲ್ಲಿ ಭಾರ ಎತ್ತಲೇಬಾರದು ಅಂತಾರಲ್ಲ, ನಿಜವಾ? ಇನ್ನೊಂದು, ನನಗೇ ಸಂಜೆ ಹೊತ್ತಿಗೆ ಎರಡೂ ಪಾದ ಊದಿಕೊಳ್ಳುತ್ತೆ, ಬೆರಳಿಂದ ಒತ್ತಿದರೆ ಗುಳಿ ಬೀಳುತ್ತೆ. ದಿನವೆಲ್ಲ ಕೂತು ಮಾಡುವ ಕೆಲಸ. ನನಗೂ ಈ ಮಸಾಜ್ ಆಗುತ್ತಾ?

ಉತ್ತರ 1 ಬರೆದವರು

ಭಾರದ ಮಾತು ಹಳೆಯದು. 2009ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ ಲಿಂಫೆಡಿಮಾ ಇದ್ದ ಹೆಂಗಸರಿಗೆ ನಿಧಾನವಾಗಿ ಹೆಚ್ಚಿಸುತ್ತಾ ತೂಕ ಎತ್ತಿಸಿದರು. ಬಾವು ಹೆಚ್ಚಲಿಲ್ಲ, ಕೈಯಲ್ಲಿ ಶಕ್ತಿ ಬಂತು, ಬಾವು ಉಲ್ಬಣಿಸುವುದೂ ಕಡಿಮೆಯಾಯಿತು. ಸ್ಲೀವ್ ಹಾಕಿಕೊಂಡು ಚಿಕ್ಕ ತೂಕದಿಂದ, ಗೊತ್ತಿರುವವರ ಮುಂದೆ ಶುರು ಮಾಡಲಿ. ಹೆದರಿ ಕೈ ಆಡಿಸದೆ ಇಡುವುದೇ ಕೆಟ್ಟದ್ದು.

ನಿಮ್ಮ ಪಾದದ್ದು ಬೇರೆ ಕಥೆ. ಕೂತೇ ಇದ್ದರೆ ಮೀನಖಂಡ ಪಂಪ್ ಮಾಡುವುದಿಲ್ಲ, ನೀರು ಕೆಳಗೆ ನಿಲ್ಲುತ್ತೆ. ಗಂಟೆಗೊಮ್ಮೆ ಎದ್ದು ನಡೆಯಿರಿ, ಕೂತಲ್ಲೇ ಪಾದ ಮೇಲೆ ಕೆಳಗೆ ಮಾಡಿ, ರಾತ್ರಿ ಕಾಲು ಸ್ವಲ್ಪ ಎತ್ತರದಲ್ಲಿಡಿ. ಬೆಳಿಗ್ಗೆಯೂ ಬಾವು ಇಳಿಯದಿದ್ದರೆ ಹೃದಯ, ಕಿಡ್ನಿ, ಲಿವರ್, ಥೈರಾಯ್ಡ್ ನೋಡಿಸಬೇಕು. ಬಿಪಿ ಮಾತ್ರೆ ತಗೊಳ್ತೀರಾ? ಅಮ್ಲೋಡಿಪಿನ್ ಇದ್ದರೆ ಅದರಿಂದಲೂ ಪಾದ ಊದುತ್ತೆ. ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ಹೃದಯದ ತೊಂದರೆ ಇರುವವರಿಗೆ ನೀರನ್ನೆಲ್ಲ ಮೇಲಕ್ಕೆ ತಳ್ಳಿದರೆ ಹೃದಯದ ಮೇಲೆ ಭಾರ ಬೀಳುತ್ತೆ, ಹಾಗಾಗಿ ಕಾರಣ ಗೊತ್ತಾಗದೆ ಮಸಾಜ್ ಬೇಡ.

ಪ್ರಶ್ನೆ ಕೇಳಿದವರು

ನಿನ್ನೆ ಅಕ್ಕನನ್ನು ಕರೆದುಕೊಂಡು ಹೋಗಿದ್ದೆ. ಸ್ಕ್ಯಾನಿನಲ್ಲಿ ಹೆಪ್ಪೂ ಇಲ್ಲ, ಬೇರೇನೂ ಇಲ್ಲ. ಲಿಂಫೆಡಿಮಾನೇ. ಟೇಪಿನಲ್ಲಿ ಅಳೆದರು, ಮುಂಗೈಯಲ್ಲಿ ಎರಡೂವರೆ ಸೆಂಟಿಮೀಟರ್ ವ್ಯತ್ಯಾಸ. ಸೋಮವಾರದಿಂದ ಬ್ಯಾಂಡೇಜ್ ಶುರು. ಮಸಾಜ್ ನನಗೂ ಕಲಿಸುತ್ತಾರಂತೆ.