ಅಪ್‌ಡೇಟ್: ಮೊದಲು ಸೇವೆ, ಆಮೇಲೆ ಓದು

ಡಿಗ್ರಿ ಮುಗಿಸಿ ಸೀದಾ ಜರ್ಮನಿಗೆ ಓದೋಕೆ ಹೋಗ್ಲಾ, ಇಲ್ಲ ಮೊದಲು ಅಲ್ಲೇ ಒಂದು ವರ್ಷ ಸ್ವಯಂಸೇವೆ ಮಾಡ್ಲಾ ಅಂತ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ಸೇವೆನೇ ಮೊದಲು ಅಂತ ತೀರ್ಮಾನ ಮಾಡಿದೆ.

ಅಲ್ಲಿನ ವೃದ್ಧಾಶ್ರಮವೊಂದರಲ್ಲಿ ಜಾಗ ಸಿಕ್ಕಿದೆ. ಊಟ, ರೂಮು, ವಿಮೆ, ಕೈಖರ್ಚು ಅವರದೇ. ಓದೋ ವೀಸಾ ಆಗಿದ್ರೆ ಬ್ಲಾಕ್ಡ್ ಅಕೌಂಟಲ್ಲಿ (ಅಲ್ಲಿನ ಖರ್ಚಿಗೆ ಅಂತ ಮೊದಲೇ ಹಣ ತುಂಬಿ, ತಿಂಗಳಿಗಿಷ್ಟೇ ಅಂತ ತೆಗೆಯೋ ಖಾತೆ) ಒಂದು ವರ್ಷಕ್ಕೆ 11,904 ಯೂರೋ ಇಡಬೇಕಿತ್ತು. ಅಪ್ಪ ತೋಟ ಅಡ ಇಡೋ ಮಾತಾಡಿದ್ರು. ಸದ್ಯಕ್ಕೆ ಅದು ತಪ್ಪಿತು, ನನಗೆ ಅದೇ ದೊಡ್ಡ ಸಮಾಧಾನ. ಎಪಿಎಸ್ ಸರ್ಟಿಫಿಕೇಟ್ (ನಮ್ಮ ಓದಿನ ದಾಖಲೆಗಳು ಅಸಲಿ ಅಂತ ಪರಿಶೀಲಿಸಿ ಕೊಡೋ ಪತ್ರ) ಮುಂದೆ ಓದಿಗೆ ಬೇಕೇ ಬೇಕು, ಅಂಕಪಟ್ಟಿಗಳನ್ನೆಲ್ಲ ಈಗಲೇ ಜೋಡಿಸಿಟ್ಟಿದ್ದೀನಿ.

ಜರ್ಮನ್ ಭಾಷೆ ಮಾತಾಡಿಯೇ ಬರಬೇಕು ಅಂತ ನಿಮ್ಮಲ್ಲಿ ಕೆಲವರು ಅಂದಿದ್ರಲ್ಲ, ನಿಜ. ರಾತ್ರಿ ಮನೇಲಿ ನಮ್ಮಜ್ಜಿಗೆ ರಾಗಿ ಗಂಜಿ ಕುಡಿಸ್ತಾ "ನೋಖ್ ಐನೆನ್ ಲೋಫೆಲ್?" ಅಂತೀನಿ, ಇನ್ನೊಂದು ಚಮಚ ಕೊಡ್ಲಾ ಅಂತ. ಅಜ್ಜಿ ಬಾಯಿ ತೆರೀತಾರೆ. ದಾರಿ ತೋರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.