‘ಕೇಸ್ ಸೆನ್ಸಿಟಿವ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನೋಣ?

ಮಿತ್ರರೇ,

ಆಂಡ್ರಾಯ್ಡ್‌ನ ಮುಕ್ತ ಆಕರವನ್ನು (ಓಪನ್ ಸೋರ್ಸ್ ಕೋಡನ್ನು) ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲೂ ಇಳಿಸಿಕೊಂಡು ನೋಡಬಯಸುವವರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಕಂಪೈಲರ್, ಕರ್ನಲ್, ಎಮ್ಯುಲೇಟರ್‌ಗಳನ್ನು ಹಾಗೆಯೇ ಉಳಿಸಿಕೊಂಡೆ. ಅವು ಈಗ ನಮ್ಮವೇ. ಪೆನ್ನು ನಿಂತದ್ದು ‘ಕೇಸ್ ಸೆನ್ಸಿಟಿವ್’ ಎಂಬಲ್ಲಿ. ಅಂದರೆ, ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಬೇರೆ ಬೇರೆ ಎಂದೇ ಕಾಣುವ ಗುಣ.

ಸಂದರ್ಭ ಹೇಳಿಬಿಡುತ್ತೇನೆ. ಆಂಡ್ರಾಯ್ಡ್‌ಗೆ ತಿರುಳಾದ ಲಿನಕ್ಸ್ ಕರ್ನಲ್‌ನ ‘ನೆಟ್‌ಫಿಲ್ಟರ್’ ಎಂಬ ಫೋಲ್ಡರಿನಲ್ಲಿ ‘ಎಕ್ಸ್‌ಟಿ_ಮಾರ್ಕ್.ಎಚ್’ ಎಂಬ ಕಡತಗಳು ಎರಡಿವೆ. ಒಂದರಲ್ಲಿ ‘ಮಾರ್ಕ್’ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿದೆ, ಇನ್ನೊಂದರಲ್ಲಿ ಸಣ್ಣಕ್ಷರಗಳಲ್ಲಿ. (ನೋಡಿ, ಕನ್ನಡದಲ್ಲಿ ಬರೆದ ಕೂಡಲೇ ಎರಡೂ ಒಂದೇ ಆಗಿಬಿಟ್ಟವು!) ಲಿನಕ್ಸ್‌ಗೆ ಇವು ಬೇರೆ ಬೇರೆ. ಮ್ಯಾಕ್‌ನಲ್ಲಿ, ಡಿಸ್ಕನ್ನು ಮೊದಲೇ ಅದಕ್ಕೆಂದು ಅಣಿಮಾಡಿರದಿದ್ದರೆ, ಒಂದರ ಮೇಲೆ ಇನ್ನೊಂದು ಕುಳಿತುಬಿಡುತ್ತದೆ. ಈಗಷ್ಟೇ ಇಳಿಸಿಕೊಂಡ, ಯಾರೂ ಮುಟ್ಟದ ಕಡತ ‘ಬದಲಾಗಿದೆ’ ಎಂದು, ಕಡತಗಳ ಬದಲಾವಣೆಯ ಲೆಕ್ಕವಿಡುವ ಗಿಟ್ ದೂರುತ್ತದೆ. ಮ್ಯಾಕ್‌ನಲ್ಲಿ ಆಂಡ್ರಾಯ್ಡ್ ಕಟ್ಟುವುದಕ್ಕೆ ಅಧಿಕೃತ ಬೆಂಬಲ 2021ರಲ್ಲಿ ನಿಂತಿತು. ಅದಕ್ಕೆ ಮೊದಲು ಈ ತೊಡಕಿಗೆಂದೇ ಪ್ರತ್ಯೇಕ ಡಿಸ್ಕ್ ಇಮೇಜ್ (ಡಿಸ್ಕಿನಂತೆಯೇ ಬಳಸಬಹುದಾದ ಕಡತ) ಮಾಡಿಕೊಳ್ಳಬೇಕಿತ್ತು. ವಿಂಡೋಸ್ 10ರಲ್ಲಿ 2018ರಿಂದ ಬೇಕಾದ ಫೋಲ್ಡರಿಗೆ ಮಾತ್ರ ಈ ಗುಣ ಕೊಡಬಹುದು.

ಯಂತ್ರಾನುವಾದ ಇದಕ್ಕೆ ‘ಪ್ರಕರಣ ಸೂಕ್ಷ್ಮ’ ಎಂದಿತು. ಪೊಲೀಸ್ ಠಾಣೆಯ ಬಾಗಿಲಲ್ಲಿ ನಿಂತಂತಾಯಿತು! ಇಲ್ಲಿನ ‘ಕೇಸ್’ ಠಾಣೆಯದೂ ಅಲ್ಲ, ವ್ಯಾಕರಣದ ವಿಭಕ್ತಿಯೂ ಅಲ್ಲ. ಅಚ್ಚಿನ ಮೊಳೆಗಳನ್ನು ಇಡುತ್ತಿದ್ದ ಪೆಟ್ಟಿಗೆ. ದೊಡ್ಡಕ್ಷರದ ಮೊಳೆಗಳು ಮೇಲಿನ ಪೆಟ್ಟಿಗೆಯಲ್ಲಿ, ಸಣ್ಣಕ್ಷರದವು ಕೆಳಗಿನದರಲ್ಲಿ.

‘ಸೆನ್ಸಿಟಿವ್’ಗೆ ‘ಸಂವೇದಿ’ ಎಂಬುದೂ ನನಗೆ ಒಗ್ಗಲಿಲ್ಲ. ನಮಗೆ ಬೇಕಾದದ್ದು ಒಂದು ಪದವಲ್ಲ, ಮೂರು. ಲಿನಕ್ಸ್ ಈ ಭೇದವನ್ನು ಎಣಿಸುತ್ತದೆ. ಮ್ಯಾಕ್, ವಿಂಡೋಸ್‌ಗಳು ಸಾಮಾನ್ಯವಾಗಿ ಎಣಿಸುವುದಿಲ್ಲ. ಆದರೆ ನೀವು ಹೆಸರನ್ನು ಹೇಗೆ ಬರೆದಿರೋ ಹಾಗೆಯೇ ಇಟ್ಟುಕೊಳ್ಳುತ್ತವೆ. ಆದ್ದರಿಂದ ‘ಅಕ್ಷರಭೇದ ಎಣಿಸುವ’, ‘ಅಕ್ಷರಭೇದ ಎಣಿಸದ’, ‘ಅಕ್ಷರಭೇದ ಉಳಿಸುವ’ ಎಂದು ಬರೆದುಕೊಂಡಿದ್ದೇನೆ. ಭೇದ ಎಣಿಸುವುದು ನಮ್ಮಲ್ಲಿ ಮೊದಲಿನಿಂದ ಇರುವ ಮಾತೇ.

ಆದರೂ ಒಂದು ಅನುಮಾನ. ‘ಅಕ್ಷರಭೇದ’ ಎಂದಾಗ ಓದುಗರು ಅಕಾರ, ಆಕಾರಗಳ ಭೇದ ಎಂದುಕೊಂಡಾರೇ? ‘ಹಿರಿಕಿರಿ ಭೇದ’ ಎಂದರೆ ವಯಸ್ಸಿನ ಮಾತಾಗುತ್ತದೆ. ‘ದೊಡ್ಡಕ್ಷರ’ ಎಂದರೆ ಫಾಂಟಿನ ಗಾತ್ರ ಎನ್ನುವವರೂ ಇದ್ದಾರೆ. ನಿಮ್ಮ ಬಳಕೆಯಲ್ಲಿ ಏನಿದೆ? ಮೊಳೆ ಜೋಡಿಸಿದ ಅನುಭವವುಳ್ಳ ಹಿರಿಯರು ಇಲ್ಲಿದ್ದರೆ ಇನ್ನೊಂದು ಪ್ರಶ್ನೆ: ಇಂಗ್ಲಿಷ್ ಅಚ್ಚಿನ ಕೆಲಸ ಬಂದಾಗ ಆ ಎರಡು ಪೆಟ್ಟಿಗೆಗಳನ್ನು ತಾವು ಏನೆಂದು ಕರೆಯುತ್ತಿದ್ದಿರಿ?