ಇಟಾಲಿಯನ್ ಕ್ರಿಯಾಪದದ 21 ಕೋಷ್ಟಕ ಬಾಯಿಪಾಠ ಮಾಡಲೇಬೇಕಾ?

ಪ್ರಶ್ನೆ (ತೊರಿನೊದಲ್ಲಿರುವ ಸದಸ್ಯೆ):

ನಮಸ್ತೆ ಮೇಡಂ. ಮದುವೆಯಾಗಿ ಇಟಲಿಗೆ ಬಂದು ಎರಡು ವರ್ಷ ಆಯ್ತು. ಬಿ1, ಅಂದರೆ ಮಧ್ಯಮ ಹಂತದ ಇಟಾಲಿಯನ್ ಪರೀಕ್ಷೆ ಬರೆಯಬೇಕು. ಕ್ಲಾಸಿನಲ್ಲಿ ಕೋಷ್ಟಕಗಳ ಒಂದು ಕಟ್ಟನ್ನೇ ಕೊಟ್ಟಿದ್ದಾರೆ. 7 ಮೋದೊ (ಅರ್ಥರೂಪ), ಅವುಗಳೊಳಗೆ ಒಟ್ಟು 21 ತೆಂಪೊ (ಕಾಲರೂಪ), ಅದರ ಮೇಲೆ ಆರೆ, ಎರೆ, ಇರೆ ಎಂದು ಮುಗಿಯುವ ಕ್ರಿಯಾಪದದ ಮೂರು ಗುಂಪು. ರಾತ್ರಿ ಮಗು ಮಲಗಿದ ಮೇಲೆ ಉರು ಹೊಡೀತೀನಿ, ಬೆಳಗ್ಗೆ ಒಂದೂ ನೆನಪಿರಲ್ಲ. ಮೊನ್ನೆ ಒಂದು ಕಚೇರಿಯ ಕೌಂಟರಿನಲ್ಲಿ ನನಗೆ "ಅಸ್ಪೆತ್ತಿ" ಅಂದರು. ಅಸ್ಪೆತ್ತಾರೆ ಅಂದರೆ ಕಾಯುವುದು, ಗೊತ್ತು. ಆದರೆ ಕೋಷ್ಟಕದಲ್ಲಿ "ಅಸ್ಪೆತ್ತಿ" ಎದುರಿಗೆ "ನೀನು ಕಾಯುತ್ತೀಯ" ಅಂತ ಇದೆ. ಏಕವಚನದಲ್ಲಿ ಮಾತಾಡಿಸಿದರಾ, ಏನಾದರೂ ಕೇಳಿದರಾ ಗೊತ್ತಾಗದೆ ಸುಮ್ಮನೆ ನಿಂತುಬಿಟ್ಟೆ. ಯಾವುದನ್ನು ಮೊದಲು ಕಲಿಯಬೇಕು ಹೇಳ್ತೀರಾ?

ಉತ್ತರ (ಇಟಾಲಿಯನ್ ಶಿಕ್ಷಕಿ, ಬೊಲೊನ್ಯಾ):

ಮೊದಲು ನಿಮ್ಮ ಮನಸ್ಸಿನ ಕಸಿವಿಸಿ ಹೋಗಲಿ. ಅವರು ನಿಮ್ಮನ್ನು ಗೌರವದಿಂದಲೇ ಮಾತಾಡಿಸಿದ್ದಾರೆ. "ಅಸ್ಪೆತ್ತಿ" ಅಂದರೆ ಅಲ್ಲಿ "ಸ್ವಲ್ಪ ಕಾಯಿರಿ" ಅಂತ. ಏಕವಚನದಲ್ಲಿ "ಕಾಯಿ" ಅನ್ನುವುದಾದರೆ "ಅಸ್ಪೆತ್ತಾ" ಅನ್ನುತ್ತಿದ್ದರು.

ಒಂದೇ ಅಕ್ಷರ ಯಾಕೆ ಹೀಗೆ ತಿರುಗುತ್ತದೆ? ನಾವು ಗೌರವಕ್ಕೆ "ನೀವು" ಅನ್ನುತ್ತೇವೆ, ಇಟಾಲಿಯನ್ನರು "ಲೇಯ್" ಅನ್ನುತ್ತಾರೆ. ಲೇಯ್ ಅಂದರೆ "ಅವಳು", ವ್ಯಾಕರಣದಲ್ಲಿ ಪ್ರಥಮ ಪುರುಷ ಏಕವಚನ. ಎದುರಿಗಿರುವವರಿಗೆ ಪ್ರಥಮ ಪುರುಷದಲ್ಲಿ ಅಪ್ಪಣೆ ಕೊಡುವುದು ಹೇಗೆ? ಹೈಸ್ಕೂಲಿನಲ್ಲಿ ವಿಧ್ಯರ್ಥಕ ರೂಪ ಅಂತ ಓದಿದ್ದೀರಲ್ಲ, ಬರಲಿ, ಹೋಗಲಿ, ಕಾಯಲಿ. ಇಟಾಲಿಯನ್ನಿನಲ್ಲಿ ಆ ಕೆಲಸ ಮಾಡುವುದು ಕೊಂಜುಂತೀವೊ. ಕೌಂಟರಿನವರು ಅಂದದ್ದು ಅಕ್ಷರಶಃ "ತಾವು ಕಾಯಲಿ" ಎಂದ ಹಾಗೆ.

ಅದರ ಸೂತ್ರ ಸಣ್ಣದು. ಆರೆ ಗುಂಪಿನಲ್ಲಿ ಸಾಮಾನ್ಯ ಪ್ರಥಮ ಪುರುಷ "ಅ" ಸ್ವರಕ್ಕೆ ಮುಗಿಯುತ್ತದೆ: ಪರ್ಲ, ಮಾತಾಡುತ್ತಾಳೆ. ಕೊಂಜುಂತೀವೊದಲ್ಲಿ ಅದು "ಇ" ಆಗುತ್ತದೆ: ಪರ್ಲಿ, ಮಾತಾಡಲಿ. ಎರೆ, ಇರೆ ಗುಂಪುಗಳಲ್ಲಿ "ಎ" ಇದ್ದದ್ದು "ಅ" ಆಗುತ್ತದೆ. ಕ್ರೇದೆ, ನಂಬುತ್ತಾಳೆ, ಕ್ರೇದ, ನಂಬಲಿ. ದೊರ್ಮೆ, ಮಲಗುತ್ತಾಳೆ, ದೊರ್ಮ, ಮಲಗಲಿ. ಹಾಗಾಗಿ ಸ್ನೇಹಿತೆಗೆ "ಸ್ಕೂಸ" ಅಂದರೆ ಡಾಕ್ಟರಿಗೆ "ಸ್ಕೂಸಿ". ಸ್ನೇಹಿತೆಗೆ "ಸೆಂತಿ", ಕೇಳು, ಅಂದರೆ ಡಾಕ್ಟರಿಗೆ "ಸೆಂತ", ಕೇಳಿ. ಎರಡು ಗುಂಪಿನಲ್ಲಿ ಇ, ಅ ಅದಲುಬದಲು. ಪೇಟೆಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ದಿನವೂ ಕಿವಿಗೆ ಬೀಳುವುದು ಇವೇ. ಪುಸ್ತಕದಲ್ಲಿ ಕೊಂಜುಂತೀವೊ ಕೊನೆಯ ಪಾಠ. ನಾನು ಈ ಒಂದು ರೂಪವನ್ನು ಎರಡನೇ ತಿಂಗಳಲ್ಲೇ ಕಲಿಸುತ್ತೇನೆ.

ಇನ್ನು 21ರ ಲೆಕ್ಕ. ಅದರಲ್ಲಿ 9 ರೂಪಗಳು ಎರಡು ಪದ ಸೇರಿ ಆದವು. "ಆವೆರೆ" (ಹೊಂದಿರುವುದು) ಅಥವಾ "ಎಸ್ಸೆರೆ"ಯ (ಇರುವುದು) ಒಂದು ರೂಪದ ಮುಂದೆ ಭೂತ ಕೃದಂತ ಇಟ್ಟರೆ ಆಯಿತು. ಅಪವಾದಗಳನ್ನು ಬಿಟ್ಟರೆ ಕೃದಂತ ಗುಂಪಿಗೊಂದೇ: ಪರ್ಲಾತೊ, ಕ್ರೆದೂತೊ, ದೊರ್ಮೀತೊ. ಅದು ಗೊತ್ತಿದ್ದರೆ ಒ ಪರ್ಲಾತೊ, ಮಾತಾಡಿದೆ. ಅವೇವೊ ಪರ್ಲಾತೊ, ಮಾತಾಡಿದ್ದೆ. ಅವ್ರೇಯ್ ಪರ್ಲಾತೊ, ಮಾತಾಡುತ್ತಿದ್ದೆ, ಆದರೆ ಆಗಲಿಲ್ಲ. ಹೊಸದಾಗಿ ಉರು ಹೊಡೆಯುವ ಕೋಷ್ಟಕ ಇಲ್ಲಿ ಯಾವುದೂ ಇಲ್ಲ. ಉಳಿದ 12ರಲ್ಲೂ ನಾಲ್ಕಕ್ಕೆ ಪುರುಷ, ವಚನದ ಗೊಡವೆಯೇ ಇಲ್ಲ.

ವರ್ತಮಾನದಿಂದ ಶುರುಮಾಡಿ, ಅದೂ ಆರೆ ಗುಂಪಿನಿಂದ. ಭಾಷೆಗೆ ಹೊಸದಾಗಿ ಬರುವ ಕ್ರಿಯಾಪದಗಳು ಹೆಚ್ಚುಕಡಿಮೆ ಎಲ್ಲವೂ ಈ ಗುಂಪಿಗೇ ಸೇರುತ್ತವೆ. ನಾವು "ಕ್ಲಿಕ್ಕಿಸು" ಅಂದ ಹಾಗೆ ಅವರು "ಕ್ಲಿಕ್ಕಾರೆ" ಅನ್ನುತ್ತಾರೆ. ಪರ್ಲೊ, ಪರ್ಲಿ, ಪರ್ಲ, ಪರ್ಲ್ಯಾಮೊ, ಪರ್ಲಾತೆ, ಪರ್ಲನೊ. ಇದನ್ನು ಮಾತಾಡುತ್ತೇನೆ, ಮಾತಾಡುತ್ತೀಯ, ಮಾತಾಡುತ್ತಾಳೆ, ಮಾತಾಡುತ್ತೇವೆ, ಮಾತಾಡುತ್ತೀರಿ, ಮಾತಾಡುತ್ತಾರೆ ಪಕ್ಕದಲ್ಲಿ ಇಟ್ಟು ನೋಡಿ. "ನಾನು", "ನೀನು" ಹೇಳದೆಯೇ ಪ್ರತ್ಯಯ ಎಲ್ಲವನ್ನೂ ಹೇಳುತ್ತದೆ. ಇಂಗ್ಲಿಷ್ ಮೂಲಕ ಕಲಿಯುವವರು ಪ್ರತಿ ವಾಕ್ಯಕ್ಕೂ "ಈಯೊ", ನಾನು, ಸೇರಿಸುತ್ತಾರೆ. ನೀವು ಕನ್ನಡದಿಂದ ನೇರವಾಗಿ ಹೋಗಿ, ಆ ಅಭ್ಯಾಸ ಬರುವುದೇ ಇಲ್ಲ.

ನಮ್ಮವರು ಎಡವುವುದು ಉಚ್ಚಾರದ ಒತ್ತಿನಲ್ಲಿ. "ಪರ್ಲಾತೆ" ಅಂದ ಬಾಯಿ "ಪರ್ಲಾನೊ" ಅಂದುಬಿಡುತ್ತದೆ. ತಪ್ಪು. ಬಹುವಚನದ "ಅವರು" ರೂಪದಲ್ಲಿ ಒತ್ತು ಏಕವಚನದಲ್ಲಿ ಎಲ್ಲಿತ್ತೋ ಅಲ್ಲೇ ಉಳಿಯುತ್ತದೆ. ಆಬಿತ, ವಾಸಿಸುತ್ತಾಳೆ, ಆಬಿತನೊ, ವಾಸಿಸುತ್ತಾರೆ. ತೆಲೇಫೊನ, ತೆಲೇಫೊನನೊ. ಒತ್ತಿನ ಆಚೆ ಮೂರು ಅಕ್ಷರ ಬಂದರೂ ಅದು ಜರುಗುವುದಿಲ್ಲ. ಕೋಷ್ಟಕವನ್ನು ಕಣ್ಣಲ್ಲಿ ಓದುವುದು ಬಿಟ್ಟು ಬಾಯಲ್ಲಿ ಹೇಳಿ ಅನ್ನುವುದು ಇದಕ್ಕೇ.

ಪ್ರಶ್ನೆ (ಬೆಂಗಳೂರಿನ ವಿದ್ಯಾರ್ಥಿ):

ಮೇಡಂ, ಎಂ.ಎಸ್ಸಿಗೆ ಮಿಲಾನೊಗೆ ಹೊರಟಿದ್ದೇನೆ. ಕಪೀರೆ, ಅರ್ಥಮಾಡಿಕೊಳ್ಳುವುದು, "ಕಪಿಸ್ಕೊ" ಆಗುತ್ತದೆ. ದೊರ್ಮೀರೆ ಯಾಕೆ "ದೊರ್ಮಿಸ್ಕೊ" ಆಗುವುದಿಲ್ಲ? ಎರಡೂ ಇರೆ ಗುಂಪೇ ಅಲ್ಲವಾ? ಇನ್ನೊಂದು, ಚೆರ್ಕಾರೆ, ಹುಡುಕುವುದು, ಇದಕ್ಕೆ ಕೆಲವು ರೂಪಗಳಲ್ಲಿ ಮಾತ್ರ ರೋಮನ್ ಲಿಪಿಯ "ಎಚ್" ಬರುತ್ತದೆ. ಯಾವಾಗ ಅಂತ ತಿಳಿಯುತ್ತಿಲ್ಲ.

ಉತ್ತರ:

ಎರಡನೆಯದು ಸುಲಭ. ಇಟಾಲಿಯನ್ ಬದಿಗಿಟ್ಟು ಕನ್ನಡ ಲಿಪಿಯಲ್ಲಿ ಬರೆಯಿರಿ: ಚೆರ್ಕೊ, ಚೆರ್ಕಿ, ಚೆರ್ಕ, ಚೆರ್ಕ್ಯಾಮೊ, ಚೆರ್ಕಾತೆ, ಚೆರ್ಕನೊ. ಎಲ್ಲದರಲ್ಲೂ "ಕ" ಇದೆ, ಏನೂ ಬದಲಾಗಿಲ್ಲ. ರೋಮನ್ ಲಿಪಿಯಲ್ಲಿ ಈ "ಕ"ಗೆ ಬರೆಯುವ "ಸಿ" ಅಕ್ಷರದ ಮುಂದೆ ಇ, ಎ ಬಂದರೆ ಅದು "ಚ" ಆಗಿಬಿಡುತ್ತದೆ. "ಕ" ಉಳಿಸಲಿಕ್ಕೆ ಎಚ್ ಹಾಕುತ್ತಾರೆ, ಅಷ್ಟೇ. ಪಗಾರೆ, ಹಣ ಕೊಡುವುದು, ಅದಕ್ಕೂ ಹೀಗೇ. ಎರೆ ಗುಂಪಿನಲ್ಲಿ ಈ ರಕ್ಷಣೆ ಇಲ್ಲ, ಉಚ್ಚಾರವೇ ಬದಲಾಗುತ್ತದೆ. ಲೆಗ್ಗೊ, ಓದುತ್ತೇನೆ, ಲೆಜ್ಜಿ, ಓದುತ್ತೀಯ.

ಮೊದಲನೆಯದಕ್ಕೆ ಒಂದು ಗುರುತು ಹೇಳುತ್ತೇನೆ. ರೋಮನ್ ಲಿಪಿಯಲ್ಲಿ ಬರೆದು ಕೊನೆಯಿಂದ ಐದನೇ ಅಕ್ಷರ ನೋಡಿ. ಅದು ಸ್ವರವಾದರೆ ಸಾಮಾನ್ಯವಾಗಿ "ಇಸ್ಕ್" ಬರುತ್ತದೆ: ಕಪೀರೆ, ಫಿನೀರೆ, ಪುಲೀರೆ, ಪ್ರೆಫೆರೀರೆ. ವ್ಯಂಜನವಾದರೆ ಬರುವುದಿಲ್ಲ: ದೊರ್ಮೀರೆ, ಪರ್ತೀರೆ, ಸೆಂತೀರೆ, ಅಪ್ರೀರೆ. ಕೊಲ್ಪೀರೆ, ಹೊಡೆಯುವುದು, ಕೊಸ್ತ್ರುಯೀರೆ, ಕಟ್ಟುವುದು, ಇಂಥವು ಈ ಗುರುತನ್ನು ಮೀರಿ "ಇಸ್ಕ್" ತೆಗೆದುಕೊಳ್ಳುತ್ತವೆ. ಅವನ್ನು ಹಾಗೇ ನೆನಪಿಡಿ. "ಇಸ್ಕ್" ಬರುವುದು ವರ್ತಮಾನದಲ್ಲಿ, ಅದೂ "ನಾವು", "ನೀವು" ಬಿಟ್ಟು: ಕಪಿಸ್ಕೊ, ಕಪಿಶ್ಶಿ, ಕಪಿಶ್ಶೆ, ಆದರೆ ಕಪ್ಯಾಮೊ, ಕಪೀತೆ, ಮತ್ತೆ ಕಪಿಸ್ಕೊನೊ. ವಿಧ್ಯರ್ಥಕ್ಕೂ ವರ್ತಮಾನದ ಕೊಂಜುಂತೀವೊಗೂ ಇದೇ. ಕಪೀವೊ, ಕಪಿರೋ ಮುಂತಾದವುಗಳಲ್ಲಿ ಅದರ ಸುಳಿವೇ ಇಲ್ಲ.

ಪ್ರಶ್ನೆ (ಅದೇ ವಿದ್ಯಾರ್ಥಿ):

ಥ್ಯಾಂಕ್ಸ್ ಮೇಡಂ. ಭವಿಷ್ಯಕ್ಕೂ ಕೊಂದಿತ್ಸ್ಯೊನಾಲೆಗೂ ("ಹೀಗಿದ್ದರೆ ಮಾಡುತ್ತಿದ್ದೆ" ಅನ್ನುವ ರೂಪ) "ನಾವು" ರೂಪ ಒಂದೇ ಥರ ಕಾಣುತ್ತಲ್ಲ?

ಉತ್ತರ:

ಕಾಣಬಹುದು, ಕೇಳುವಾಗ ಬೇರೆ. ಪರ್ಲೆರೇಮೊ, ಮಾತಾಡುವೆವು. ಪರ್ಲೆರೆಮ್ಮೊ, ಮಾತಾಡಿಯೇವು, ಮಾತಾಡುತ್ತಿದ್ದೆವು. ಇಂಗ್ಲಿಷ್ ಮನೆಮಾತಿನವರಿಗೆ ಈ ಎರಡನ್ನು ಕಿವಿಯಲ್ಲಿ ಬೇರ್ಪಡಿಸಲಿಕ್ಕೆ ತಿಂಗಳುಗಟ್ಟಲೆ ಬೇಕು. ನೀವು "ಕತೆ" ಮತ್ತು "ಕತ್ತೆ" ಬೇರೆ ಅಂತ ಹುಟ್ಟಿದಾಗಿನಿಂದ ಕೇಳುತ್ತ ಬಂದವರು. ಆ ಕಿವಿಯನ್ನು ನಂಬಿ.

ಭವಿಷ್ಯ ರೂಪ ಹುಟ್ಟಿದ ಬಗೆ ನನಗೆ ಬಹಳ ಇಷ್ಟ. ಲ್ಯಾಟಿನ್ ಆಡುಮಾತಿನಲ್ಲಿ ಜನ ಭಾವರೂಪದ ಮುಂದೆ "ಇದೆ, ಉಂಟು" ಅನ್ನುವ ಅರ್ಥದ "ಹಬೇರೆ" ಸೇರಿಸಿದರು, "ಮಾತಾಡಲಿಕ್ಕೆ ಇದೆ" ಅಂತ. ಅದು ಸವೆದು ಒಂದೇ ಪದವಾಯಿತು. ನಮ್ಮ ಮಂಗಳೂರು ಕಡೆ "ನಾಳೆ ಹೋಗ್ಲಿಕ್ಕುಂಟು" ಅನ್ನುತ್ತೇವಲ್ಲ, ಅದೇ ದಾರಿ. ಅದಕ್ಕೇ ಪರ್ಲೆರೋ, ಪರ್ಲೆರಾಯ್, ಪರ್ಲೆರಾ ಇವುಗಳ ಬಾಲದಲ್ಲಿ ಆವೆರೆಯ ಒ, ಆಯ್, ಆ ಇನ್ನೂ ಕೂತಿವೆ. ಒಂದು ಎಚ್ಚರಿಕೆ: ಆರೆ ಗುಂಪಿನ "ಅ" ಇಲ್ಲಿ "ಎ" ಆಗುತ್ತದೆ, "ಪರ್ಲರೋ" ಅನ್ನುವ ಪದವಿಲ್ಲ. ಇದೇ ರೂಪ ಊಹೆಗೂ ಬರುತ್ತದೆ. "ದೊರ್ಮಿರಾ" ಅಂದರೆ "ಮಲಗುವನು" ಮಾತ್ರವಲ್ಲ, "ಮಲಗಿದ್ದಾನು" ಕೂಡ.

"ಸೆ", ಅಂದರೆ "ಒಂದು ವೇಳೆ", ಬಂದಾಗ ಮಾತ್ರ ಕೊಂದಿತ್ಸ್ಯೊನಾಲೆಯನ್ನು ಅದರ ಪಕ್ಕ ಕೂರಿಸಬೇಡಿ. "ಸೆ ಪರ್ಲಸ್ಸಿ ಇತಲ್ಯಾನೊ, ಲವೊರೆರೇಯ್ ಕ್ವಿ." ಇಟಾಲಿಯನ್ ಮಾತಾಡುತ್ತಿದ್ದರೆ ಇಲ್ಲೇ ಕೆಲಸ ಮಾಡುತ್ತಿದ್ದೆ. "ಸೆ" ಜೊತೆ ಕೊಂಜುಂತೀವೊದ ಇಂಪೆರ್ಫೆತ್ತೊ ಅನ್ನುವ ರೂಪ, ಆಚೆ ಕಡೆ ಕೊಂದಿತ್ಸ್ಯೊನಾಲೆ. "ಸೆ ಪರ್ಲೆರೇಯ್" ಅಂತ ಇಟಾಲಿಯನ್ನರೂ ತಪ್ಪುತ್ತಾರೆ, ಶಾಲೆಯಲ್ಲಿ ಬೈಸಿಕೊಳ್ಳುತ್ತಾರೆ.

ಪ್ರಶ್ನೆ (ತೊರಿನೊದ ಸದಸ್ಯೆ):

ಮೇಡಂ, ಭೂತಕಾಲಕ್ಕೆ ಮೂರು ರೂಪ ಇದೆಯಲ್ಲ, ಪರೀಕ್ಷೆಗೆ ಮೂರೂ ಬೇಕಾ? ಒ ದೊರ್ಮೀತೊ, ದೊರ್ಮೀವೊ, ದೊರ್ಮೀಯಿ.

ಉತ್ತರ:

ಮೂರನೆಯದು, ಪಸ್ಸಾತೊ ರೆಮೋತೊ, ಕಂಡರೆ ಗುರುತಿಸಿದರೆ ಸಾಕು. ಕಥೆ, ಚರಿತ್ರೆಯ ಪುಸ್ತಕಗಳಲ್ಲಿ ತುಂಬ ಬರುತ್ತದೆ, ತೊಸ್ಕಾನಾದಲ್ಲೂ ದಕ್ಷಿಣದಲ್ಲೂ ಮಾತಿನಲ್ಲೂ ಕೇಳುತ್ತದೆ. ನೀವಿರುವ ಉತ್ತರದಲ್ಲಿ ಮಾತಿನಲ್ಲಿ ಬಹಳ ಅಪರೂಪ.

ಉಳಿದೆರಡನ್ನು ಕನ್ನಡದಿಂದಲೇ ಹಿಡಿಯಿರಿ. "ಮಲಗಿದೆ" ಅಂದರೆ ಒ ದೊರ್ಮೀತೊ. "ಮಲಗುತ್ತಿದ್ದೆ" ಅಂದರೆ ದೊರ್ಮೀವೊ. "ದೊರ್ಮೀವೊ ಕ್ವಾಂದೊ ಆಯ್ ತೆಲೆಫೊನಾತೊ." ನಾನು ನಿದ್ದೆಯಲ್ಲಿದ್ದೆ, ನೀನು ಫೋನ್ ಮಾಡಿದೆ. ಸಾಗುತ್ತಿದ್ದದ್ದು ಒಂದು, ನಡುವೆ ನಡೆದದ್ದು ಇನ್ನೊಂದು. ದೊರ್ಮೀವೊ ಥರದ ರೂಪಕ್ಕೆ ಇಂಪೆರ್ಫೆತ್ತೊ ಅನ್ನುತ್ತಾರೆ, ಅದರಲ್ಲಿ ಅಪವಾದಗಳು ಬೆರಳೆಣಿಕೆ, ಆದ್ದರಿಂದ ಧೈರ್ಯವಾಗಿ ಬಳಸಿ.

ಹೆಣ್ಣುಮಕ್ಕಳಿಗೆ ಒಂದು ಮಾತು ಪ್ರತಿ ಬ್ಯಾಚಿನಲ್ಲೂ ಹೇಳುತ್ತೇನೆ. ಬರುವುದು, ಹೋಗುವುದು, ಹೊರಡುವುದು, ಮರಳುವುದು, ಇಂಥವಕ್ಕೆ ಆವೆರೆ ಅಲ್ಲ, ಎಸ್ಸೆರೆ. ಆಗ ಕೃದಂತ ಕರ್ತೃವಿನ ಲಿಂಗ, ವಚನ ಹಿಡಿಯುತ್ತದೆ. "ಬಂದನು, ಬಂದಳು" ಅನ್ನುವ ನಮಗೆ ಪ್ರಥಮ ಪುರುಷದಲ್ಲಿ ಇದು ತೊಡಕೇ ಅಲ್ಲ. ಆದರೆ ಕನ್ನಡದಲ್ಲಿ "ನಾನು ಬಂದೆ" ಗಂಡಿಗೂ ಹೆಣ್ಣಿಗೂ ಒಂದೇ, ಇಟಾಲಿಯನ್ನಿನಲ್ಲಿ ಹಾಗಲ್ಲ. ಗಂಡಸು "ಸೋನೊ ಅರ್ರಿವಾತೊ" ಅಂದರೆ ನೀವು "ಸೋನೊ ಅರ್ರಿವಾತ" ಅನ್ನಬೇಕು. ಹೆಂಗಸರು ಮಾತ್ರ ಸೇರಿ ಬಂದರೆ "ಸ್ಯಾಮೊ ಅರ್ರಿವಾತೆ", ಜೊತೆಗೆ ಒಬ್ಬ ಗಂಡಸಿದ್ದರೂ "ಅರ್ರಿವಾತಿ". ನಮ್ಮ ಹೆಣ್ಣುಮಕ್ಕಳು ಚೆನ್ನಾಗಿ ಬರೆದ ಪತ್ರದಲ್ಲೂ ಈ ಒಂದು "ಓ" ಉಳಿದುಬಿಟ್ಟಿರುತ್ತದೆ.

ನಿನ್ನೆಯ ದಿನದ ಬಗ್ಗೆ ಒಂದು ವಾಕ್ಯ ಬರೆದು ಇಲ್ಲೇ ಹಾಕಿ, ನೋಡೋಣ.

ತೊರಿನೊದ ಸದಸ್ಯೆ:

"ಸೋನೊ ತೊರ್ನಾತ ತಾರ್ದಿ. ಒ ಅಸ್ಪೆತ್ತಾತೊ ಲಾವ್ತೊಬುಸ್, ಮ ನೊನ್ ಎ ಅರ್ರಿವಾತೊ." ತಡವಾಗಿ ಮರಳಿದೆ. ಬಸ್ಸಿಗೆ ಕಾದೆ, ಬರಲಿಲ್ಲ. ಮಗೂನ ಎತ್ತಿಕೊಂಡು ನಡೆದೇ ಬಂದೆ ಮೇಡಂ. "ಕಾದೆ" ಅನ್ನೋದಕ್ಕೆ "ಅಸ್ಪೆತ್ತಾತ" ಅಂತ ಬರೆದು ಹೊಡೆದುಹಾಕಿದೆ.

ಉತ್ತರ:

ಹೊಡೆದುಹಾಕಿದ್ದು ಸರಿ. ಮರಳಿದವರು ನೀವು, ಅದಕ್ಕೆ ತೊರ್ನಾತ. ಕಾದದ್ದೂ ನೀವೇ, ಆದರೆ ಅಲ್ಲಿ ಆವೆರೆ ಇದೆ, ಅಸ್ಪೆತ್ತಾತೊ ಅಲುಗುವುದಿಲ್ಲ. ಬರದೇ ಹೋದದ್ದು ಬಸ್ಸು, ಅದು ಇಟಾಲಿಯನ್ನಿನಲ್ಲಿ ಪುಲ್ಲಿಂಗ, ಹಾಗಾಗಿ ಅರ್ರಿವಾತೊ. ಮೂರೂ ಸರಿಯಾಗಿದೆ. ಇನ್ನು "ನಡೆದೇ ಬಂದೆ" ಅನ್ನುವುದನ್ನೂ ಸೇರಿಸಿ ಬರೆಯಿರಿ. ಕಮ್ಮಿನಾರೆ, ನಡೆಯುವುದು, ಆವೆರೆಯನ್ನೇ ತೆಗೆದುಕೊಳ್ಳುತ್ತದೆ.